ಸಮುದ್ರಕ್ಕೆ ಬೆನ್ನು ಹಾಕಿದವರಿಗೆ ಮಾತ್ರ ಪ್ರವೇಶ

ಕಡಲತೀರ ಪಟ್ಟಣದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಪಟ್ಟಣದಲ್ಲಿ ಸಮುದ್ರ ಇದೆಯೆಂದು ಕೇಳಿದ್ದೆವು. ಕಳೆದ ತಿಂಗಳು ನಾನು ಮತ್ತು ನನ್ನ ಅಕ್ಕ ನಗರದಿಂದ ಎರಡು ಬಸ್ಸು ಬದಲಿಸಿ ಅದನ್ನು ನೋಡಲು ಬಂದೆವು. ನೋಡಲು ಬಿಡದೆ ಹೊರಗೆ ಹಾಕಿಸಿದಿರಿ. ದೂರು ಇಷ್ಟೇ, ಮುಂದಿನದೆಲ್ಲ ಅದರ ವಿವರ. ಅದನ್ನು ಓದುವಷ್ಟು ಪುರುಸೊತ್ತು ತಮಗಿರಲಾರದೆಂದು ಪತ್ರಿಕೆಗೆ ಕಳುಹಿಸುತ್ತಿದ್ದೇನೆ. ಯಾರಾದರೂ ಓದಿ ನಿಮಗೆ ಹೇಳಲಿ.

ನಾನು ಮೂವತ್ತು ವರ್ಷ ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು. ಟಿಕೆಟ್ ಇಲ್ಲದವರನ್ನು ನಡುದಾರಿಯಲ್ಲಿ ಇಳಿಸಿದ್ದೇನೆ, ಅವರಿಂದ ಬಾಯಿತುಂಬ ಬೈಸಿಕೊಂಡಿದ್ದೇನೆ. ಆದ್ದರಿಂದ ನಿಯಮವೆಂದ ಕೂಡಲೇ ಮೂಗು ಮುರಿಯುವವರ ಪೈಕಿ ನಾನಲ್ಲ. ಆದರೆ ನಿಯಮ ಯಾವುದು, ಗೇಟಿನಲ್ಲಿ ನಿಂತವನ ಬಾಯಿಗೆ ಬಂದ ಮಾತು ಯಾವುದು ಎಂಬುದು ನನಗೆ ಚೆನ್ನಾಗಿ ಗೊತ್ತಾಗುತ್ತದೆ.

ಅಕ್ಕ ನಗರದ ಲಾಂಡ್ರಿಯೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದಳು. ನಿಮ್ಮ ರೆಸಾರ್ಟುಗಳ ಟವೆಲುಗಳು ವಾರಕ್ಕೆ ಮೂರು ಸಲ ವ್ಯಾನಿನಲ್ಲಿ ಅಲ್ಲಿಗೇ ಬರುತ್ತವೆ. ಯಂತ್ರಕ್ಕೆ ಹಾಕುವ ಮೊದಲು ಒಂದೊಂದು ಟವೆಲನ್ನೂ ಎರಡೆರಡು ಸಲ ಕೊಡವಬೇಕು, ಇಲ್ಲದಿದ್ದರೆ ಮರಳು ಸೇರಿ ಯಂತ್ರ ಕೆಡುತ್ತದೆ. ಆ ಕೊಡವುವ ಕೆಲಸ ಅಕ್ಕನದು. ದಿನದ ಕೊನೆಗೆ ಕಾಲಬುಡದಿಂದ ಗುಡಿಸಿ ಎತ್ತುವ ಮರಳೇ ಅವಳ ಪಾಲಿನ ಸಮುದ್ರ. "ಒಂದ್ಸಲ ಹೋಗ್ಬರ್ಬೇಕು ಕಣೋ" ಎನ್ನುತ್ತಲೇ ಇದ್ದಳು. ಅವಳಿಗೆ ರಜೆಯಿದ್ದಾಗ ನನಗೆ ಡ್ಯೂಟಿ, ನನಗೆ ರಜೆಯಿದ್ದಾಗ ಅವಳಿಗೆ ಮೊಣಕಾಲು ನೋವು. ಈಗ ಅವಳ ಕಣ್ಣಿನ ನರ ಸೊರಗುತ್ತಿದೆ. ಎರಡೂ ಬದಿಯ ನೋಟ ಆಗಲೇ ಹೋಗಿದೆ. ನಡುವೆ ಉಳಿದಿರುವ ಚೂರೂ ಈ ವರ್ಷ ಮುಗಿಯುವುದರೊಳಗೆ ಹೋಗುತ್ತದೆಂದು ಡಾಕ್ಟರು ಮೇಜಿನ ಮೇಲಿನ ಕಾಗದ ಸರಿಪಡಿಸುತ್ತಾ ಹೇಳಿದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅಕ್ಕ, "ಹಾಗಾದ್ರೆ ಸಮುದ್ರ ನೋಡ್ಕೊಂಡು ಬಂದ್ಬಿಡೋಣ, ಇನ್ನು ಮುಂದಕ್ಕೆ ಹಾಕೋದು ಬೇಡ" ಎಂದಳು.

ಬಂದೆವು. ಪಟ್ಟಣವನ್ನು ಚೆನ್ನಾಗಿಯೇ ಇಟ್ಟಿದ್ದೀರಿ. ಬೀದಿಬೀದಿಯಲ್ಲೂ ನಾಯಿಗಳಿಗೆ ಕುಡಿಯಲು ನೀರಿನ ಬಟ್ಟಲಿದೆ. ಮನುಷ್ಯರಿಗೆ ಕೂರಲು ಒಂದು ಬೆಂಚಿಲ್ಲ. ಅಂಗಡಿಯ ಗಾಜಿನೊಳಗೆ ಒಂದೇ ಒಂದು ಜೊತೆ ಚಪ್ಪಲಿಯನ್ನು ತೀವ್ರ ನಿಗಾ ಘಟಕದ ರೋಗಿಯ ಹಾಗೆ ದೀಪ ಹಾಕಿ ಮಲಗಿಸಿದ್ದಾರೆ. ಬಸ್ ನಿಲ್ದಾಣದಲ್ಲಿ ತಮ್ಮ ಸಹಿಯಿರುವ ನಕ್ಷೆಯೊಂದಿದೆ. ಅದರಲ್ಲೊಂದು ನೀಲಿ ಗೆರೆ, ಪಕ್ಕದಲ್ಲಿ 'ಸಾರ್ವಜನಿಕರಿಗೆ ಸಮುದ್ರಕ್ಕೆ ದಾರಿ' ಎಂಬ ಬರಹ. ಆ ಗೆರೆಯನ್ನು ನಂಬಿ ಅಕ್ಕನ ಕೈ ಹಿಡಿದು ನಡೆದೆ. ಎರಡೂ ಬದಿಗೆ ಆಳೆತ್ತರದ ಬೇಲಿ, ಅದರಾಚೆ ಅಲೆಯ ಸದ್ದು. ದಾರಿ ಕೊನೆಗೆ ಒಂದು ರೆಸಾರ್ಟಿನ ಗೇಟಿಗೆ ಬಂದು ನಿಂತಿತು. ಗೇಟಿಗೆ ಬೀಗ, ಬೀಗಕ್ಕೆ ತುಕ್ಕು. ಅದನ್ನು ನಿನ್ನೆ ಮೊನ್ನೆ ಹಾಕಿದಂತಿರಲಿಲ್ಲ.

ಸುತ್ತಿಕೊಂಡು ಮುಂಬಾಗಿಲಿಗೆ ಹೋದೆವು. ಕಾವಲುಗಾರ ನಮ್ಮ ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದ. ರೂಮು ಹಿಡಿದವರ ಕೈಗೆ ಬಿಳಿ ಪಟ್ಟಿ ಕಟ್ಟುತ್ತಾರಂತೆ.

"ಪಟ್ಟಿ ಇಲ್ದೆ ಬಿಡಲ್ಲ ಸರ್. ಪಾರ್ಕಿಂಗ್ ಮೇಲೆ ವ್ಯೂ ಪಾಯಿಂಟ್ ಇದೆ, ಅಲ್ಲಿಂದ ನೋಡ್ಬಹುದು."

ತಾವು ಮಾಡಿಸಿದ ಆ ವೀಕ್ಷಣಾ ತಾಣವನ್ನೂ ಹತ್ತಿದೆವು. ಅಲ್ಲಿ ನಿಂತರೆ ಎದುರಿಗೆ ಒಂದು ಭಾರಿ ಜಾಹೀರಾತು ಫಲಕ, ಅದರ ತುಂಬ ಸಮುದ್ರದ ಚಿತ್ರ. ಅಕ್ಕ ಕಂಬಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ಅಲೆ ಯಾಕೋ ಅಲ್ಲಾಡ್ತಾನೇ ಇಲ್ಲ" ಎಂದಳು. ಅದು ಫೋಟೋ ಅಕ್ಕಾ ಎಂದು ಹೇಳಬೇಕಾಗಿ ಬಂತಲ್ಲ, ಆ ಕ್ಷಣದಲ್ಲಿ ನಿಮ್ಮ ಮೇಲೆ ಹುಟ್ಟಿದ ಅಸಹ್ಯ ಇನ್ನೂ ಇಳಿದಿಲ್ಲ.

ಕೆಳಗಿಳಿದು ಹಿಂದಿನ ಬೀದಿಯಲ್ಲಿ ಬರುವಾಗ ರೆಸಾರ್ಟಿನ ಹಿಂಬಾಗಿಲು ತೆರೆದಿತ್ತು. ಅಕ್ಕನ ಹಳೇ ಲಾಂಡ್ರಿಯ ವ್ಯಾನೇ ಅಲ್ಲಿ ನಿಂತಿತ್ತು. ವ್ಯಾನಿನ ಜೊತೆ ಬಂದವರೆಂದುಕೊಂಡು ಬಾಗಿಲಲ್ಲಿದ್ದವನು, "ನಿಂತ್ಕೋಬೇಡಿ, ಬೇಗ ಒಳಗೆ ಹೋಗಿ" ಎಂದು ಗದರಿದ. ಹೋದೆವು. ಅಲ್ಲಿಂದ ಹತ್ತು ಹೆಜ್ಜೆಗೆ ಮರಳು. ಮರಳಿನ ಮೇಲೆ ಒರಗು ಕುರ್ಚಿಗಳು, ಅವುಗಳ ನಡುವೆ ಒದ್ದೆ ಟವೆಲುಗಳ ರಾಶಿ. ರಾಶಿ ಕಂಡರೆ ಅಕ್ಕನ ಕೈ ಸುಮ್ಮನಿರುವುದುಂಟೇ? ಎರಡು ಸಲ ಕೊಡವಿದಳು, ಮಡಿಸಿದಳು, ಮುಂದಿನದಕ್ಕೆ ಕೈಹಾಕಿದಳು. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು. ಮರಳು ಕಣ್ಣಿಗೆ ಬೀಳಬಾರದೆಂದರೆ ಸಮುದ್ರಕ್ಕೆ ಬೆನ್ನು ಹಾಕಿಯೇ ಕೊಡವಬೇಕು.

"ಅಕ್ಕಾ, ಬಿಡು. ನಾವು ನೋಡೋಕೆ ಬಂದಿದ್ದು."

"ಇದೊಂದು ರಾಶಿ ಮುಗಿಸ್ತೀನಿ ಇರೋ. ಅರ್ಧಕ್ಕೆ ಬಿಟ್ರೆ ಚೆನ್ನಾಗಿರಲ್ಲ."

ಮಾನ್ಯರೇ, ನಲವತ್ತು ನಿಮಿಷ ನಾವು ಅಲ್ಲಿದ್ದೆವು. ಒಬ್ಬರೂ ಪಟ್ಟಿ ಕೇಳಲಿಲ್ಲ. ಸ್ನಾನ ಮುಗಿಸಿ ಬಂದ ಮಹನೀಯರೊಬ್ಬರು ಮಾತಿಲ್ಲದೆ ತಮ್ಮ ಒದ್ದೆ ಟವೆಲನ್ನು ಅಕ್ಕನ ಹೆಗಲಿಗೆ ಹಾಕಿ ಹೋದರು. ಗೂಟಕ್ಕೆ ಹಾಕುವಾಗಲಾದರೂ ಗೂಟ ಎಲ್ಲಿದೆಯೆಂದು ನೋಡುತ್ತಾರೆ. ರಾಶಿ ಮುಗಿಯಿತು. ಅಕ್ಕ ಕೈ ಒರೆಸಿಕೊಂಡು, ಸಮುದ್ರದ ಕಡೆ ತಿರುಗಿ, ಮರಳಿನ ಮೇಲೆ ಕೂತಳು. ಒಂದು ನಿಮಿಷ ಆಗಿರಲಿಲ್ಲ, ಮೇಲ್ವಿಚಾರಕ ಪ್ರತ್ಯಕ್ಷನಾದ.

"ಇಲ್ಲಿ ಕೂರೋ ಹಾಗಿಲ್ಲಮ್ಮ. ಕೆಲಸ ಮುಗಿದಿದ್ರೆ ಹಿಂದ್ಗಡೆ ಹೋಗಿ."

ಆಗ ನಾನು ಬಾಯಿ ಮುಚ್ಚಿಕೊಂಡು ಇನ್ನೆರಡು ಟವೆಲು ಅವಳ ಕೈಗೆ ಕೊಟ್ಟಿದ್ದರೆ ಆಗುತ್ತಿತ್ತು. ಮೂವತ್ತು ವರ್ಷದ ಚಾಳಿ, "ನಾವು ಕೆಲಸದವರಲ್ಲ, ಸಮುದ್ರ ನೋಡೋಕೆ ಬಂದವರು" ಎಂದು ನಿಜ ಹೇಳಿಬಿಟ್ಟೆ. ಇಬ್ಬರು ಕಾವಲುಗಾರರು ಓಡಿಬಂದರು. ಅಕ್ಕ ಅವರ ಮುಂದೆ ಕೈ ಅಡ್ಡ ಹಿಡಿದು, "ಸ್ವಲ್ಪ ಇರಪ್ಪ, ಈ ಬಿಸಿಲಿಗೆ ನನ್ನ ಕಣ್ಣು ಹೊಂದ್ಕೊಳ್ಳೋಕೆ ಹೊತ್ತು ಬೇಕು" ಎಂದಳು. ಅವರು ಕಾಯಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ, ಏನು ಕಾಣಿಸಿತು ಎಂದು ಕೇಳಿದೆ. "ಬೆಳಕು ಕಾಣ್ತು ಕಣೋ, ಬೆಳ್ಳಗೆ. ನೀರು ಯಾವುದು, ಆಕಾಶ ಯಾವುದು ಅಂತ ಗೊತ್ತಾಗೋಷ್ಟರಲ್ಲಿ ಎಬ್ಬಿಸಿಬಿಟ್ರು" ಎಂದಳು.

ಮರುದಿನವೇ ನಿಮ್ಮ ಕಚೇರಿಗೆ ದೂರು ಬರೆದೆ. ಮೂರು ವಾರ ಯೋಚಿಸಿ ತಾವು ಉತ್ತರ ಕೊಟ್ಟಿರಿ: "ಸಾರ್ವಜನಿಕರ ಹಿತದೃಷ್ಟಿಯಿಂದ ಸಾರ್ವಜನಿಕ ದಾರಿಯನ್ನು ತಾತ್ಕಾಲಿಕವಾಗಿ ಮುಚ್ಚಲಾಗಿದೆ." ಇದನ್ನು ಬರೆದವರಿಗೆ ಬರೆಯುವಾಗ ನಗು ಬರಲಿಲ್ಲವೇ? ನನ್ನ ಹಿತವನ್ನು ನನ್ನಿಂದಲೇ ಕಾಪಾಡಲು ಬೀಗ ಹಾಕಿದ್ದೀರಾ? ಸಮುದ್ರವನ್ನು ತಾವೇ ಅಗೆಸಿ ನೀರು ತುಂಬಿಸಿದಿರಾ? ಅಥವಾ ರೆಸಾರ್ಟಿನವರು ನಿಮ್ಮ ಕೈಗೂ ಒಂದು ಬಿಳಿ ಪಟ್ಟಿ ಕಟ್ಟಿದ್ದಾರೆಯೇ? ಕಟ್ಟಿದ್ದರೆ ಹಾಗೆಂದೇ ನೇರವಾಗಿ ಬರೆಯಿರಿ, ಕನಿಷ್ಠ ಉತ್ತರ ಚಿಕ್ಕದಾಗುತ್ತದೆ.

ನನಗೆ ನಿಮ್ಮ ಕ್ಷಮಾಪಣೆ ಬೇಡ. ಅಕ್ಕನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಬರುವುದಂತೂ ಬೇಡವೇ ಬೇಡ. ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ನಕ್ಷೆಯ ನೀಲಿ ಗೆರೆ ಹಿಡಿದು ಬರುತ್ತೇವೆ. ಆ ಗೇಟಿನ ಬೀಗ ತೆಗೆದಿರಬೇಕು. ಅವಳ ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷ, ಆಮೇಲೆ ಅವಳಿಗೆ ಸಾಕೆನಿಸುವವರೆಗೆ ಸಮುದ್ರ. ಕಡತ ಪರಿಶೀಲನೆಯಲ್ಲಿದೆ, ಕಾಲಾವಕಾಶ ಬೇಕು ಎಂದು ದಯವಿಟ್ಟು ಬರೆಯಬೇಡಿ. ನಿನ್ನೆ ಅಕ್ಕ ನನ್ನ ಎದುರಿಗೇ ಕೂತು, "ಯಾಕೋ ಗಡ್ಡ ಬಿಟ್ಟಿದ್ದೀಯಾ?" ಎಂದು ಕೇಳಿದಳು. ನಾನು ಆಗಷ್ಟೇ ಗಡ್ಡ ಬೋಳಿಸಿಕೊಂಡು ಬಂದಿದ್ದೆ.

ಇಂತಿ,
ನಿಜ ಹೇಳಿ ಅಕ್ಕನನ್ನು ಹೊರಗೆ ಹಾಕಿಸಿದ ಒಬ್ಬ ತಮ್ಮ