ಟೀಚರ್ ಅಂತ ಬರೆದ ಹುಡುಗಿಯರು

ಶೆಟ್ಟಿಹಳ್ಳಿ, ತುಮಕೂರು
೭-೬-೧೯೮೨, ಸೋಮವಾರ ಬೆಳಿಗ್ಗೆ

ಪ್ರೀತಿಯ ರುದ್ರಾ,

ನಿನ್ನ ಸೊಂಟನೋವು ಹೇಗಿದೆ? ತಂಗಿ ಬಾಣಂತನಕ್ಕೆ ಅಂತ ಕುಣಿಗಲ್ಲಿಗೆ ಹೋದವಳು ನೀನೇ ಹಾಸಿಗೆ ಹಿಡೀಬೇಡ. ನೀರು ಸೇದೋ ಕೆಲಸ ಬೇರೆ ಯಾರಿಗಾದ್ರೂ ಬಿಡು. ಅತ್ತೆಯವರ ಕೆಮ್ಮು ಕಮ್ಮಿಯಾಯ್ತಾ? ಇಲ್ಲಿ ನಾನೂ ಮಗಳೂ ಚೆನ್ನಾಗಿದೀವಿ. ಗಂಗಾಂಬಿಕೆ ಮಾಡೋ ಸಾರಿಗೆ ಒಂದಿನ ಉಪ್ಪು ಜಾಸ್ತಿ, ಇನ್ನೊಂದಿನ ಇಲ್ಲವೇ ಇಲ್ಲ. ಆಫೀಸಿಗೆ ಗುಬ್ಬಿ ಬಸ್ಸು ಹಿಡಿಯೋ ಅವಸರದಲ್ಲಿ ನನಗೆ ಗೊತ್ತಾಗೋದೂ ಇಲ್ಲ ಬಿಡು.

ವಿಷಯ ಏನಂದ್ರೆ, ಮಗಳ ವಿಚಾರದಲ್ಲಿ ನನ್ನ ತಲೆ ಕೆಟ್ಟುಹೋಗಿದೆ. ಪರೀಕ್ಷೆಗೆ ಮುಂಚೆ ಅವರ ಸ್ಕೂಲಲ್ಲಿ ಹತ್ತನೇ ಕ್ಲಾಸಿನ ಹುಡುಗಿಯರದ್ದೆಲ್ಲ ಸರ್ವೆ ಮಾಡಿದ್ರಂತೆ. ಸರ್ವೆ ಅಂದಕೂಡಲೇ ನಾನು ಮೈದಾನ ಅಳೆದಿರಬೇಕು ಅಂದ್ಕೊಂಡೆ. ಅಲ್ಲವಂತೆ. ಯಾವ ಪಾಠ ಇಷ್ಟ, ಮುಂದೆ ಏನಾಗ್ತೀಯ ಅಂತ ಪ್ರಶ್ನೆ ಕೊಟ್ಟು ಬರೆಸಿ, ಎಲ್ಲಾ ಉತ್ತರ ಒಟ್ಟು ಹಾಕಿ, ಯಾರನ್ನ ಯಾವ ಕಾಲೇಜಿಗೆ ಕಳಿಸಿದ್ರೆ ಒಳ್ಳೇದು ಅಂತ ಮನೆಯವರಿಗೆ ಹೇಳೋದಂತೆ. ನಮ್ಮ ಕಾಲದಲ್ಲಿ ಅಪ್ಪ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಮುಕ್ಕಾಲು ಪಾಲು ಹುಡುಗಿಯರು ಟೀಚರ್ ಆಗ್ತೀವಿ ಅಂತ ಬರೆದಿದ್ರು, ನಮ್ಮವಳೂ ಅದನ್ನೇ. ಅದನ್ನ ನೋಡ್ಕೊಂಡು ಹೆಡ್‌ಮಿಸ್ ಎಲ್ಲರಿಗೂ ಟೀಚರ್ ಟ್ರೈನಿಂಗ್ ಅರ್ಜಿ ತರಿಸಿಕೊಟ್ರು. ನಿನ್ನ ಆಸೆಯೂ ಅದೇ ಅಲ್ವಾ, ನಾನೂ ಖುಷಿಯಾಗೇ ಇದ್ದೆ.

ಶನಿವಾರ ಲೆಕ್ಕದ ಟೀಚರ್ ಲಕ್ಷ್ಮೀದೇವಮ್ಮನವರು ನನ್ನನ್ನ ಕರೆಸಿದ್ರು. ಅವರಿಗೆ ಯಾಕೋ ಅನುಮಾನ ಬಂದು, ಪರೀಕ್ಷೆಗೆ ಮುಂಚೆನೇ ಅವೇ ಪ್ರಶ್ನೆಗಳನ್ನ ಹೆಸರು ಹಾಕಿಸದೆ ಇನ್ನೊಂದು ಸಲ ಬರೆಸಿದ್ರಂತೆ. ಟೀಚರ್ ಅಂದೋರು ಬೆರಳೆಣಿಕೆಯಷ್ಟೂ ಇಲ್ಲ! ನರ್ಸು, ಟೈಪಿಸ್ಟು, ಪೊಲೀಸು, ಒಬ್ಬಳಂತೂ ಬಸ್ ಡ್ರೈವರ್. ಯಾಕ್ರೇ ಹೀಗೆ ಅಂದಿದ್ದಕ್ಕೆ, "ಮೊದಲನೇದನ್ನ ಮನೆಗೆ ತೋರಿಸ್ತೀರ ಅಂದ್ಕೊಂಡ್ವಿ ಮಿಸ್" ಅಂದ್ರಂತೆ. ಹೆಡ್‌ಮಿಸ್ ಇದನ್ನ ಕಿವಿಗೇ ಹಾಕ್ಕೊಳ್ಳಲಿಲ್ಲವಂತೆ. ಹಾಗಾದ್ರೆ ನಮ್ಮ ಗಂಗಾಂಬಿಕೆ ಏನು ಬರೆದಿದ್ಲು ಅಂತ ಕೇಳಿದೆ. "ಹೆಸರೇ ಇಲ್ಲವಲ್ಲ ಸಾರ್, ನನಗೆ ಹೇಗೆ ಗೊತ್ತಾಗ್ಬೇಕು? ನೀವೇ ಕೇಳಿ" ಅಂದ್ರು.

ಊಟಕ್ಕೆ ಕೂತಾಗ ಕೇಳಿದೆ. "ನೀವು ಹೇಗಂತೀರೋ ಹಾಗೆ ಅಪ್ಪಾಜಿ" ಅಂದ್ಲು. ಮತ್ತೆ ಕೇಳಿದ್ರೆ ತಟ್ಟೆ ಎತ್ಕೊಂಡು ಒಳಗೆ ಹೋದ್ಲು. ಇಷ್ಟು ವರ್ಷ ಸಾಕಿದ ಮಗಳ ಮನಸ್ಸಲ್ಲಿ ಏನಿದೆ ಅಂತ ಗೊತ್ತಿಲ್ಲವಲ್ಲ ಅನ್ನಿಸ್ತು. ನಿನ್ನೆ ಉಪ್ಪಾರಹಳ್ಳಿಗೆ ಹೊರಟಾಗ ಅವಳನ್ನೂ ಕರ್ಕೊಂಡು ಹೋದೆ. ಅಲ್ಲಿ ಹೊಸ ರಸ್ತೆಗೆ ಅಂತ ಭಾನುವಾರವೂ ಬಿಡದೆ ಮೂರು ಕಾಲಿನ ದುರ್ಬೀನು ನಿಲ್ಲಿಸಿ, ದೂರದಲ್ಲಿ ಒಬ್ಬನ ಕೈಗೆ ಅಳತೆ ಕೋಲು ಕೊಟ್ಟು ಅಳೀತಿದ್ರು. ಅಂಗಡಿಯವನ ಹತ್ತಿರ ಚಿಲ್ಲರೆ ಕೇಳೋಕೂ ನಾಚೋ ನಮ್ಮ ಹುಡುಗಿ ನೇರವಾಗಿ ಓವರ್ಸಿಯರ್ ಹತ್ತಿರ ಹೋಗಿ, "ಸಾರ್, ಒಂದ್ಸಲ ನೋಡ್ಲಾ?" ಅಂದ್ಲು. ಅವರು ನಗ್ತಾ ಜಾಗ ಬಿಟ್ರು. ಒಂದು ಕಣ್ಣು ಮುಚ್ಚಿ ಬಗ್ಗಿದವಳು ನಾನು ಕರೆದ್ರೂ ಏಳಲಿಲ್ಲ. "ಅಪ್ಪಾಜಿ, ಕೋಲು ತಲೆಕೆಳಗಾಗಿ ಕಾಣ್ತದೆ!" ಅಂತ ಕೂಗಿದ್ಲು. ಅವಳ ಆ ದನಿ ಎಷ್ಟು ದಿನವಾಗಿತ್ತು ಕೇಳಿ! ವಾಪಸ್ ಬರೋ ದಾರೀಲಿ ಪಾಲಿಟೆಕ್ನಿಕ್ಕಲ್ಲಿ ಇದನ್ನ ಕಲಿಸ್ತಾರೆ ಅಂತ ತಾನಾಗೇ ಶುರು ಮಾಡಿದವಳು ಮನೆ ಕಂಡಕೂಡಲೇ ಬಾಯಿ ಮುಚ್ಕೊಂಡ್ಲು.

ಈಗ ಏನು ಮಾಡೋದು ಹೇಳು. ಹೆಣ್ಣುಮಗು ಬಿಸಿಲಲ್ಲಿ ರಸ್ತೆ ಅಳ್ಕೊಂಡು ತಿರುಗೋದಾ? ನಾಳೆ ಹೆಣ್ಣು ನೋಡೋಕೆ ಬಂದೋರು ಏನಂತಾರೆ? ಮೊದಲನೇ ಸರ್ವೆ ಸುಳ್ಳಾದ್ರೆ ಎರಡನೇದು ನಿಜ ಅಂತ ಹೇಗೆ ನಂಬೋದು? ಒಂದು ಭಾನುವಾರದ ಖುಷಿ ನೋಡಿ ಬದುಕು ತೀರ್ಮಾನ ಮಾಡೋಕಾಗ್ತದಾ? ನನಗೆ ಬಗೆಹರೀತಾ ಇಲ್ಲ. ನೀನೇ ಯೋಚನೆ ಮಾಡಿ ಬರಿ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಬಾಣಂತಿಗೂ ಕೂಸಿಗೂ ಆ ಶಿವ ಒಳ್ಳೇದು ಮಾಡ್ಲಿ.

ನಿನ್ನವ,
ವೀರಭದ್ರಯ್ಯ

ಮ.ವಿ.: ಕಾಗದ ಅಂಟಿಸ್ತಿದ್ದೆ, ಗಂಗಾಂಬಿಕೆ ಎರಡೆರಡು ಅರ್ಜಿ ಹಿಡ್ಕೊಂಡು ಬಂದ್ಲು, ಒಂದು ಟೀಚರ್ ಟ್ರೈನಿಂಗಿಂದು, ಇನ್ನೊಂದು ಯಾವಾಗ ತರಿಸಿದ್ಲೋ ಪಾಲಿಟೆಕ್ನಿಕ್ಕಿಂದು. ಎರಡಕ್ಕೂ ಇವತ್ತೇ ಕೊನೇ ದಿನವಂತೆ. "ನಾನು ಟೀಚರ್ ಆಗ್ಲಿ ಅಂತ ಅಮ್ಮ ಹರಕೆ ಹೊತ್ತಿದಾಳೆ, ಬೇಜಾರು ಮಾಡ್ಕೋತಾಳೆ" ಅಂತ ಅತ್ಲು. ಪಾಲಿಟೆಕ್ನಿಕ್ ಅರ್ಜಿಗೆ ಸಹಿ ಹಾಕಿ ಕಳಿಸಿಬಿಟ್ಟೆ. ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ ಕಣೇ. ಬೈಯೋದಿದ್ರೆ ನನಗೆ ಬೈದು ಬರಿ. ಅವಳಿಗೆ ಮಾತ್ರ ಬೇರೆ ಕಾಗದದಲ್ಲಿ ಒಂದು ಒಳ್ಳೇ ಮಾತು ಬರಿ. ಬಸ್ಸಿಗೆ ಹೊತ್ತಾಯ್ತು.