ಬಾಯಿ ಕಸುಬಿಗೆ ಬಲಗಾಲು

ಮಡಗಾಂವ, ಗೋವೆ
ಶ್ರಾವಣ, ೧೯೫೨

ತೀರ್ಥರೂಪ ಅಪ್ಪನವರ ಪಾದಕ್ಕೆ ನಿಜಲಿಂಗನ ನಮಸ್ಕಾರ.

ನಾನು ಗಜೇಂದ್ರಗಡ ಬಿಡುವಾಗ ನೀವು ಮಗ್ಗದ ಕುಣಿಯಿಂದ ಏಳಲಿಲ್ಲ. "ಕಾಲಿನ ಕಸುಬು ಬಿಟ್ಟು ಬಾಯಿ ಕಸುಬಿಗೆ ಹೊಂಟೀದಿ, ಹೋಗಪಾ" ಅಂದಿರಿ. ಈಗ ಕೇಳಿ. ನಾನು ಮಾರಾಟಕ್ಕೆ ನಿಂತಿರುವ ಈ ಬಟ್ಟೆ ಅಂಗಡಿಗೆ ಬರುವ ದೊರೆಸಾನಿಯರದು ಪೋರ್ಚುಗೀಸ್ ಮಾತು. ಅದರಲ್ಲಿ ಶಬ್ದದ ಒಂದೇ ಕಡೆ ಭಾರ ಬೀಳಬೇಕು. ಅಂಗಿಗೆ 'ಕಮೀಜ', ಭಾರ ನಡುವೆ. ಹತ್ತಿಗೆ 'ಅಲ್ಗೊದಾಂವ್', ಭಾರ ಕೊನೆಗೆ. ನಾನು ನಮ್ಮ ರೂಢಿಯಂತೆ ಎಲ್ಲ ಅಕ್ಷರಕ್ಕೂ ಸಮ ತೂಕ ಹಾಕುತ್ತಿದ್ದೆ. ಅವರು ಮುಖ ಮುಖ ನೋಡಿಕೊಂಡು ಹೊರಟುಬಿಡುತ್ತಿದ್ದರು. ಚೌತಿಯೊಳಗೆ ಮಾತು ಬರದಿದ್ದರೆ ಊರಿಗೆ ಹೋಗು ಎಂದು ಮಾಲಕರು ಗಡುವು ಕೊಟ್ಟರು.

ಆಗ ಮಗ್ಗ ನೆನಪಾಯಿತು. ಕುಣಿಯಲ್ಲಿ ಹಲಗೆ ತುಳಿಯುವ ಹಾಗೆ, ಭಾರ ಬೀಳಬೇಕಾದಲ್ಲಿ ಬಲಗಾಲು ಒತ್ತಿದೆ. ಕಾಲು ಬಿದ್ದಲ್ಲೇ ದನಿಯೂ ಬಿತ್ತು! ಖೋಲಿಯಲ್ಲೂ ದಾರಿಯಲ್ಲೂ ಹಾಗೇ ರೂಢಿ ಮಾಡಿದೆ. ನಿನ್ನೆ ಒಬ್ಬ ದೊರೆಸಾನಿ ಮರುಮಾತಿಲ್ಲದೆ ಮೂರು ಗಜ ಹತ್ತಿ ಬಟ್ಟೆ ಹರಿಸಿಕೊಂಡು ಹೋದರು. ಅಂಗಡಿಯ ಗಂಟು ಹೊರುವ ನರೇಗಲ್ಲಿನ ದ್ಯಾವಪ್ಪ ಮೇಜಿನ ಕೆಳಗೆ ಬಗ್ಗಿ ನೋಡಿ, "ಏ ತಮ್ಮಾ, ಮಾತಾಡಾಕತ್ತೀಯೋ, ನೇಯಾಕತ್ತೀಯೋ?" ಅಂದ.

"ಎರಡೂ" ಅಂದೆ.

ಕೆಲಸ ಕಾಯಂ ಆಯಿತು. ಮೈಯಲ್ಲಿ ಆರಾಮವಿದೆ, ಮೀನಿನ ವಾಸನೆಯೂ ರೂಢಿಯಾಗಿದೆ. ಟಪಾಲಿನ ಹೊತ್ತಾಯಿತು. ವೀರಪ್ಪ ಕಾಕಾ ಈ ಕಡೆ ಬಂದರೆ ಒಂದು ಜೊತೆ ಚಪ್ಪಲಿ ಕಳಿಸಿ. ಎಡಗಾಲಿನದು ಇನ್ನೂ ಹೊಸದರಂತಿದೆ, ಬಲಗಾಲಿನದು ತೂತು ಬಿದ್ದಿದೆ.

ನಿಮ್ಮ ನಿಜಲಿಂಗ