ಗೋಡೆಯ ಐದನೆಯ ಕೈ

ನವೆಂಬರ್ 3, ಬೆಳಿಗ್ಗೆ

ಮತ್ತೆ ಅದೇ. ಮೂಗು, ಗಲ್ಲ, ಕಣ್ಣಿನ ಕೋನ. ನನ್ನ ಗಂಡ ಅದ್ಲಿ, ಹಳೇ ದೇವಾಲಯದ ಗೋಡೆ ನೋಡಿ ಬಿಡಿಸಿಟ್ಟ ನಕಲುಗಳನ್ನು ಅಳೆಯುವುದು, ಕಂಪ್ಯೂಟರಿಗೆ ತುಂಬುವುದು. ಎಷ್ಟು ಶಿಲ್ಪಿಗಳ ಕೈ ಅಂತ ಲೆಕ್ಕ ಹೇಳಬೇಕು. ಅವನು ತೀರಿಹೋದ. ಅವನ ಕಾಗದ ಉಳಿದಿದೆ... ಟೀ ಆರಿಹೋಯಿತು.

ನವೆಂಬರ್ 5

ಅಬ್ಬಾ! ಎಲ್ಲರೂ ಅಂದುಕೊಂಡಿದ್ದ ಹಾಗೆ ನಾಲ್ವರಲ್ಲ, ಐವರು! ಐದನೆಯವನ ದೇವತೆಗಳಿಗೆಲ್ಲ ಕಣ್ಣಿನ ಹೊರತುದಿ ತುಸು ಇಳಿದಿದೆ. ಈ ಕೆಲಸ ಕೊಟ್ಟ ಡಾಕ್ಟರ್ ಬಹ್ಗತ್ ಕುಣಿದಾಡಿಬಿಟ್ಟರು.

"ಇಷ್ಟು ವರ್ಷ ಯಾರಿಗೂ ಸಿಗದೋನು ನಿನ್ ಬಲೆಗೆ ಬಿದ್ನಲ್ಲಮ್ಮ! ಲೇಖನ ಬರಿ. ಕೆಲಸ ಕಾಯಂ ಅನ್ಕೋ."

ನವೆಂಬರ್ 6

ಅತ್ತೆ ಊಟ ತಂದವರು ಕಂಪ್ಯೂಟರ್ ಪರದೆ ನೋಡಿ ನಿಂತೇಬಿಟ್ಟರು.

"ಇದು ನನ್ ಮಗಂದು."

"ಅಲ್ಲ ಅತ್ತೆ, ಹಳೇ ಕಾಲದ ಶಿಲ್ಪಿದು."

"ನಂಗೇ ಹೇಳ್ತೀಯೇನೇ ಸೌಸನ್? ಚಿಕ್ಕೋನಿದ್ದಾಗ್ಲೂ ಅಷ್ಟೇ, ಜ್ವರ ಬಂದ್ರೆ ಎಲ್ರಿಗೂ ನಿದ್ದೆಗಣ್ಣು ಬರೀತಿದ್ದ. ಸಂತರನ್ನೂ ಬಿಡ್ತಿರ್ಲಿಲ್ಲ, ಮುಂಡೇದು!"

ಆಮೇಲೆ ಅತ್ತರು. "ತೀರ್ಕೊಂಡ ಮೂರನೇ ದಿನ ಪಾದ್ರಿ ಮನೆಗೆ ಬಂದು ಆತ್ಮಾನ ಕಳಿಸಿಕೊಡ್ಬೇಕಿತ್ತು. ನೀನು ಬಾಗಿಲೇ ತೆಗೀಲಿಲ್ಲ. ಅದಕ್ಕೇ ಇಲ್ಲೇ ಸುತ್ತುತಾ ಇದಾನೆ."

ಹಾಳೆಗಳ ಮೂಲೆಯ ತಾರೀಕು ನೋಡಿದೆ. ಐದನೆಯವನವು ಅಷ್ಟೂ ಕಳೆದ ಬೇಸಿಗೆಯವು. ಆಗ ಮೈ ಯಾಕೆ ಬಿಸಿ ಅಂತ ಕೇಳಿದರೆ "ಏನಿಲ್ವೇ, ಬಿಸಿಲು" ಅನ್ನುತ್ತಿದ್ದ. ಕೈ ಮಾತ್ರ ಸುಳ್ಳು ಹೇಳಿರಲಿಲ್ಲ.

ನವೆಂಬರ್ 14

ಇಷ್ಟು ದಿನ ಹಾಳೆ ಮುಟ್ಟಲಿಲ್ಲ. ಬೆನ್ನ ಹಿಂದೆ ಪೆನ್ಸಿಲ್ ಓಡಿದ ಸದ್ದು. ಹೆದರಿಕೆಯಲ್ಲ... ಆಸೆ.

ಇವತ್ತು ದೇವಾಲಯಕ್ಕೇ ಹೋದೆ. ಕಾವಲಿನವನು ಕನ್ನಡಿ ಹಿಡಿದು ಬಿಸಿಲನ್ನು ಒಳಗೋಡೆಗೆ ಹಾಯಿಸಿದ. ಒಂದೊಂದೇ ಕಣ್ಣು ಅಳೆದೆ. ಯಾವುದೂ ಇಳಿದಿಲ್ಲ. ಎಲ್ಲ ನೆಟ್ಟಗೆ, ಎಚ್ಚರವಾಗಿ ನನ್ನನ್ನೇ ನೋಡುತ್ತಿದ್ದವು.

ಈ ಅಳತೆ ತುಂಬಿದರೆ ಐದನೆಯವನು ಇಲ್ಲವಾಗುತ್ತಾನೆ. ಕೆಲಸ ಹೋದರೆ ಹೋಗಲಿ. ಅವನನ್ನು ನನ್ನ ಕೈಯಾರೆ ಹೇಗೆ ಅಳಿಸಲಿ?

ನವೆಂಬರ್ 15

ಬಹ್ಗತ್ ಫೋನು. ಗೋಡೆಯಲ್ಲಿ ಕಂಡದ್ದು ಹೇಳಿದೆ.

"ಗೋಡೆ ಹತ್ರ ಹೋಗಿ ಯಾರಮ್ಮ ಅಳೀತಾರೆ? ಸುಮ್ನೆ ಲೇಖನ ಕಳಿಸು."

"ಆಗಲ್ಲ ಡಾಕ್ಟರ್. ಅದು ಶಿಲ್ಪಿ ಅಲ್ಲ. ನನ್ ಗಂಡನ ಜ್ವರ."

ಫೋನು ಇಟ್ಟೆ.

ಸಂಜೆ, ಐದು ಗಂಟೆ

ಗೋಡೆಯ ಅಳತೆ ತುಂಬಿದೆ. ಗುಂಡಿ ಒತ್ತುವ ಮೊದಲು ಅವನಿಗೆ ಹೇಳಿದೆ — ತಡ ಆಯ್ತು, ಹೋಗಿ ಬಾ, ಮಲಕ್ಕೋ. ಒತ್ತಿದೆ.

ನಾಲ್ವರು.

ಪೆನ್ಸಿಲ್ ಸದ್ದು ನಿಂತಿತು. ಅಡುಗೆಮನೆಯಿಂದ ಅತ್ತೆ ಕೂಗುತ್ತಿದ್ದಾರೆ, "ಯಾರ ಜೊತೆ ಮಾತಾಡ್ತಿದ್ದೀಯೇ?"

ಯಾರೂ ಇಲ್ಲ ಅತ್ತೆ. ಈಗ ಯಾರೂ...